ಬೆಂಗಾಡಿನ ಸರೋವರ

ಅಮೆರಿಕದ ಆರೆಗಾನ್ ರಾಜ್ಯದ ಎತ್ತರದ ಬೆಂಗಾಡಿನಲ್ಲಿ ಮಾಲ್ಹ್ಯೂರ್ ಸರೋವರವಿದೆ. ಫ್ರೆಂಚ್ ಭಾಷೆಯಲ್ಲಿ ಆ ಹೆಸರಿಗೆ ‘ದುರ್ದೈವ’ವೆಂದು ಅರ್ಥ. ಹೆಂಗಸರ ಟೊಪ್ಪಿಗೆಯ ಸಿಂಗಾರಕ್ಕಾಗಿ ಬೇಟೆಗಾರರು ಇಲ್ಲಿಯ ಬೆಳ್ಳಕ್ಕಿಗಳನ್ನು ಕೊಂದರು. 1908ರಲ್ಲಿ ಛಾಯಾಗ್ರಾಹಕ ವಿಲಿಯಂ ಫಿನ್ಲೆ ಅರಸಿ ಹೋದಾಗ ಒಂದೂ ಕಾಣಸಿಗಲಿಲ್ಲ. ಆತನ ಮನವಿಯ ಮೇಲೆ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್‌ರು ಅದೇ ವರ್ಷ ಇದನ್ನು ಪಕ್ಷಿಧಾಮವೆಂದು ಸಾರಿದರು.

ಗರಿಯ ಬೇಟೆ ನಿಂತಿತು. ಆದರೆ ಹೊರಗಿನಿಂದ ಬಂದು ಸೇರಿದ ಕಾರ್ಪ್ ಮೀನು ಯಾವ ಆಜ್ಞೆಗೂ ಮಣಿಯಲಿಲ್ಲ. ಅದು ತಳದ ಕೆಸರನ್ನು ಕದಡಿತು. ನೀರೊಳಕ್ಕೆ ಬಿಸಿಲಿಳಿಯದೆ, ಬಾತುಗಳಿಗೆ ಆಹಾರವಾಗಿದ್ದ ಜಲಸಸ್ಯಗಳು ನಶಿಸಿದವು. ಅದನ್ನು ಹತೋಟಿಗೆ ತರುವ ಹೋರಾಟ ದಶಕಗಳಷ್ಟು ಹಳೆಯದು.

ವಸಂತದಲ್ಲಿ ವಲಸೆಯ ಹಕ್ಕಿಗಳನ್ನು ಕಾಣಲು ಹೋಗುವವರು ಆಕಾಶವನ್ನಷ್ಟೇ ಅಲ್ಲ, ನೀರಿನ ಬಣ್ಣವನ್ನೂ ನೋಡಬೇಕು. ಧಾಮವೆಂದು ಸಾರುವುದು ಒಂದು ದಿನದ ಕಾರ್ಯ, ಕಾಯುವುದು ತಲೆಮಾರುಗಳದು.