ಓದಲು ಕೇಳಿದವಳಿಗೆ ಏನು ಕೊಟ್ಟಿರಿ?

ನಮ್ಮ ಬೀದಿಯ ತಿರುವಿನಲ್ಲಿ ರವಿಕೆ ಹೊಲಿಯುವ ಹೆಣ್ಣುಮಗಳೊಬ್ಬಳಿದ್ದಾಳೆ. ಒಂದು ಹೊಲಿಗೆ ಮಿಷನ್ನು, ಗೋಡೆಗೊಂದು ಕನ್ನಡಿ, ಮೊಳೆಗೆ ನೇತುಹಾಕಿದ ಇಂಚ್ ಟೇಪು, ಇಷ್ಟೇ ಅವಳ ಅಂಗಡಿ. ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಕೆಲವು ವರ್ಷಗಳ ಹಿಂದೆ ಅಳತೆ ಕೊಡಲು ಹೋದಾಗ ನನ್ನ ಚೀಲದಿಂದ ಇಣುಕುತ್ತಿದ್ದ ಪುಸ್ತಕ ನೋಡಿ ಕೇಳಿದಳು: "ಮೇಡಂ, ನೀವು ಕಾಲೇಜಲ್ಲಿ ಕನ್ನಡ ಹೇಳ್ಕೊಡೋರಲ್ವಾ? ನಂಗೂ ಏನಾದ್ರೂ ಓದೋಕೆ ಕೊಡಿ. ಮಧ್ಯಾಹ್ನ ಕರೆಂಟ್ ಹೋದ್ರೆ ಸುಮ್ನೆ ಕೂತಿರ್ತೀನಿ."

ಮರುದಿನವೇ ತಂದುಕೊಟ್ಟೆ, ‘ಮಲೆಗಳಲ್ಲಿ ಮದುಮಗಳು’. ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಕಾದಂಬರಿ ಇನ್ನೊಂದಿಲ್ಲ ಎಂದೂ ಹೇಳಿದೆ. ಎರಡು ತಿಂಗಳಾದ ಮೇಲೆ ಪುಸ್ತಕ ವಾಪಸು ಬಂತು. ಕೊಳೆಯಾಗದಿರಲೆಂದು ಹಳೆಯ ಕ್ಯಾಲೆಂಡರ್ ಹಾಳೆಯಲ್ಲಿ ಅಚ್ಚುಕಟ್ಟಾಗಿ ರಟ್ಟು ಹಾಕಿದ್ದಳು. ಮೂವತ್ತನೇ ಪುಟದ ಆಸುಪಾಸಿನಲ್ಲಿ ಯಾರದೋ ತೋಳಿನ ಅಳತೆ ಬರೆದ ಚೀಟಿಯೊಂದು ಉಳಿದುಬಿಟ್ಟಿತ್ತು. "ಚೆನ್ನಾಗೇ ಇದೆ ಮೇಡಂ. ಆದ್ರೆ ಇವೆಲ್ಲ ನಮ್ಮಂಥೋರಿಗಲ್ಲ, ನಿಮ್ಮಂಥ ಓದಿದೋರಿಗೆ" ಅಂದಳು.

ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ. ಜೀತದಾಳು ಗುತ್ತಿಗೂ ಅವನ ನಾಯಿ ಹುಲಿಯನಿಗೂ ಹೆಗ್ಗಡೆಗಳಿಗೆ ಕೊಟ್ಟಷ್ಟೇ ಜಾಗ ಕೊಟ್ಟ ಕಾದಂಬರಿ ಅದು. ಐತ, ಪೀಂಚಲು, ತಿಮ್ಮಿ ಇಂಥವರ ಆಸೆ ನೋವುಗಳನ್ನು ಕುವೆಂಪು ಅಷ್ಟು ಪ್ರೀತಿಯಿಂದ ಬರೆದರು. ಅಂಥ ಪುಸ್ತಕವನ್ನು ದುಡಿದು ತಿನ್ನುವ ಹೆಣ್ಣೊಬ್ಬಳು ‘ನಮ್ಮಂಥೋರಿಗಲ್ಲ’ ಎಂದು ಹಿಂತಿರುಗಿಸಿದಳು. ತಪ್ಪು ಕುವೆಂಪು ಅವರದಲ್ಲ, ಅವಳದಂತೂ ಖಂಡಿತ ಅಲ್ಲ, ಪೂರ್ತಿ ನನ್ನದು. ಅವಳು ಯಾರು, ಅವಳಿಗೆ ದಿನಕ್ಕೆ ಎಷ್ಟು ಹೊತ್ತು ಬಿಡುವು, ಕೊನೆಯ ಸಲ ಯಾವಾಗ ಪುಸ್ತಕ ಹಿಡಿದಿದ್ದಳು ಎಂದು ನಾನು ಒಂದು ಮಾತೂ ಕೇಳಲಿಲ್ಲ. ನನಗೆ ಗೊತ್ತಿದ್ದ ದೊಡ್ಡ ಹೆಸರನ್ನು ಅವಳ ಕೈಗಿಟ್ಟು ನನ್ನ ಕೆಲಸ ಮುಗಿಯಿತು ಅಂದುಕೊಂಡೆ.

ಓದಿದವರೇ, ನಿಮ್ಮನ್ನೂ ಕೇಳುತ್ತೇನೆ. ಯಾರಾದರೂ ‘ಒಂದು ಒಳ್ಳೆ ಕಾದಂಬರಿ ಹೇಳಿ’ ಎಂದಾಗ ನಮ್ಮ ಬಾಯಿಗೆ ಮೊದಲು ಬರುವುದೇನು? ಎಂಟು ಜ್ಞಾನಪೀಠಗಳ ಪಟ್ಟಿ. ಆ ಎಂಟರ ಬಗ್ಗೆ ನನಗೂ ಹೆಮ್ಮೆಯಿದೆ. ಆದರೆ ಪ್ರಶಸ್ತಿ ಬಂದ ಹೆಸರುಗಳನ್ನು ಒಪ್ಪಿಸುವುದಕ್ಕೂ ಒಬ್ಬ ಮನುಷ್ಯನಿಗೆ ಒಂದು ಪುಸ್ತಕ ಹುಡುಕಿಕೊಡುವುದಕ್ಕೂ ಬಹಳ ದೂರ. ಮನೆಗೆ ಊಟಕ್ಕೆ ಬಂದವರಿಗೆ ಎಲೆ ಹಾಕಿ, ಖಾರ ಒಗ್ಗುತ್ತದೋ ಇಲ್ಲವೋ ಎಂದು ವಿಚಾರಿಸಿ, ಇನ್ನೊಂದು ಸೌಟು ಹಾಕಲೇ ಎಂದು ಕೇಳಿ ಬಡಿಸುವ ಜನ ನಾವು. ಪುಸ್ತಕ ಕೇಳಿ ಬಂದವರಿಗೆ ಮಾತ್ರ ಯಾಕೆ ಇಷ್ಟು ಬಿರುಸು?

ಒಂದು ಕಾಲದಲ್ಲಿ ಹೀಗಿರಲಿಲ್ಲ. ಗಳಗನಾಥರು ತಾವು ಬರೆದ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರಿದರು. ಕನ್ನಡ ಓದುವವರೇ ವಿರಳವಾಗಿದ್ದ ಭಾಗದಲ್ಲಿ ಓದುವವರನ್ನು ಹೀಗೆ ಮನೆಬಾಗಿಲಿಗೆ ಹೋಗಿ ಹುಟ್ಟಿಸಿದರು. ನಂಜನಗೂಡು ತಿರುಮಲಾಂಬ ಎಳವೆಯಲ್ಲೇ ವಿಧವೆಯಾದವರು. ಹೊಸ್ತಿಲು ದಾಟುವುದೇ ಕಷ್ಟವಾಗಿದ್ದ ಹೆಣ್ಣು ‘ಸತೀಹಿತೈಷಿಣಿ’ ಗ್ರಂಥಮಾಲೆ ಕಟ್ಟಿ, 1913ರಲ್ಲಿ ‘ಸುಶೀಲೆ’ ಕಾದಂಬರಿ ತಂದು, ಹೆಂಗಸರ ಕೈಗೆ ಪುಸ್ತಕ ತಲುಪಿಸಿದರು. ಅವರು ತೀರಿಕೊಂಡದ್ದು 1982ರಲ್ಲಿ. ಬರೆಯುವುದನ್ನು ನಿಲ್ಲಿಸಿದ ಮೇಲೆ ದಶಕಗಳ ಕಾಲ ಅವರು ಬದುಕಿದ್ದರು, ಓದುವವರ ಬಾಯಲ್ಲಿ ಮಾತ್ರ ಅವರ ಹೆಸರಿರಲಿಲ್ಲ. ಇದನ್ನು ಪಾಠ ಮಾಡುವಾಗ ಪ್ರತಿ ವರ್ಷವೂ ನನ್ನ ಗಂಟಲು ಕಟ್ಟುತ್ತದೆ. ಪುಸ್ತಕ ಸಾಯುವುದು ಗೆದ್ದಲಿನಿಂದಲ್ಲ. ಒಬ್ಬರು ಇನ್ನೊಬ್ಬರಿಗೆ ‘ಇದನ್ನು ಓದು’ ಎನ್ನುವುದು ನಿಂತ ದಿನ ಅದು ಸಾಯುತ್ತದೆ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಬಂತು. ನಾನು ಸಂತೋಷದಿಂದ ಅತ್ತೆ. ಆಮೇಲಿನ ವಾರ ಪರಿಚಯದವರು ಒಬ್ಬೊಬ್ಬರಾಗಿ ಫೋನ್ ಮಾಡಿ ‘ಅವರ ಯಾವ ಪುಸ್ತಕ ಓದಬೇಕು’ ಎಂದು ಕೇಳತೊಡಗಿದರು. ಹಾಸನದಲ್ಲಿ ಕೂತು ಆ ತಾಯಿ ದಶಕಗಳಿಂದ ಕನ್ನಡದಲ್ಲೇ ಬರೆಯುತ್ತಿದ್ದರು. ಬೂಕರ್ ಗೆದ್ದ ಸಂಕಲನದ 12 ಕತೆಗಳಲ್ಲಿ ಹಳೆಯವು 1990ರ ಸುಮಾರಿನವು. ನಮ್ಮ ಓಣಿಯ ಮನೆಯ ದೀಪವನ್ನು ಲಂಡನ್ನಿನವರು ತೋರಿಸುವವರೆಗೆ ನಾವು ಯಾಕೆ ಕಾಯಬೇಕಿತ್ತು? ಇನ್ನೊಬ್ಬರ ವಿಷಯದಲ್ಲಿ ಹಾಗೆ ಕಾಯುವುದು ಬೇಡ. ಸಾರಾ ಅಬೂಬಕ್ಕರ್ 2023ರ ಜನವರಿಯಲ್ಲಿ ತೀರಿಕೊಂಡರು. ಅವರ ‘ಚಂದ್ರಗಿರಿಯ ತೀರದಲ್ಲಿ’ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ಜನ ವಾರ ವಾರ ಕಾದು ಓದಿದ್ದರು. ತಂದೆಯ ಹಟಕ್ಕೂ ತಲಾಖಿಗೂ ಸಿಕ್ಕಿ ಗಂಡ, ಮಗು ಎರಡನ್ನೂ ಕಳೆದುಕೊಳ್ಳುವ ನಾದಿರಾಳ ಕತೆ. ಪುಟ ಹೆಚ್ಚಿಲ್ಲ, ಭಾಷೆ ತಿಳಿನೀರಿನ ಹಾಗಿದೆ. ಇಂದಿನ ಹುಡುಗಿಯರಿಗೆ ಅದರ ಹೆಸರು ಹೇಳಿದವರು ನಮ್ಮಲ್ಲಿ ಎಷ್ಟು ಜನ?

ಓದಿ ಅಭ್ಯಾಸ ತಪ್ಪಿದವರಿಗೆ ಸಣ್ಣ ಪುಸ್ತಕದಿಂದ ಶುರುಮಾಡಿಸಿ. ಸಣ್ಣದೆಂದರೆ ಕಡಿಮೆಯದಲ್ಲ. ದೇವನೂರ ಮಹಾದೇವರ ‘ಒಡಲಾಳ’ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಕಳೆದುಹೋದ ಕೋಳಿಯನ್ನು ಹುಡುಕುತ್ತಾ ಸಾಕವ್ವ ಕೇರಿಯೆಲ್ಲ ಅಲೆಯುತ್ತಾಳೆ. ರಾತ್ರಿ ಮಗ ಒಂದು ಮೂಟೆ ಕಡಲೆಕಾಯಿ ಕದ್ದು ತರುತ್ತಾನೆ. ಇಡೀ ಮನೆ ಒಲೆಯ ಸುತ್ತ ಕೂತು ಬೆಳಗಾಗುವುದರೊಳಗೆ ಅಷ್ಟನ್ನೂ ತಿಂದು ಮುಗಿಸುತ್ತದೆ. ಆಮೇಲೆ ಪೊಲೀಸರು ಬರುತ್ತಾರೆ. ಹಸಿವಿನ ಮೇಲೆ ನೂರು ಭಾಷಣ ಕೇಳಿದವರಿಗೂ ಆ ಒಂದು ರಾತ್ರಿ ಹೊಸದನ್ನು ತಿಳಿಸುತ್ತದೆ. ನಗಿಸುತ್ತಾ ನಗಿಸುತ್ತಾ ತಿಳಿಸುತ್ತದೆ. ಅದೇ ಲೇಖಕರ ‘ಕುಸುಮಬಾಲೆ’ಯನ್ನು ಮಾತ್ರ ಕೈಗಿತ್ತು ಬರಬೇಡಿ, ಜೊತೆಗೆ ಕೂತು ಗಟ್ಟಿಯಾಗಿ ಓದಿ. ಕಣ್ಣಿಗೆ ತೊಡಕೆನಿಸಿದ ಆ ನಂಜನಗೂಡು ಸೀಮೆಯ ಮಾತು ಕಿವಿಗೆ ಬಿದ್ದರೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ನನ್ನ ತರಗತಿಯಲ್ಲಿ ದೀಪಗಳ ಜೀವಗಳಾದ ಜೋತಮ್ಮಗಳು ಮಾತಾಡಿಕೊಳ್ಳುವ ಭಾಗವನ್ನು ಮೊದಲು ನಾನೇ ಓದುತ್ತಿದ್ದೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಪುಸ್ತಕ ಇಸಿದುಕೊಂಡು ಓದಿದ. ನಮ್ಮಜ್ಜಿ ಮಾತಾಡೋದು ಹೀಗೇ ಮೇಡಂ ಅಂದ. ಅವತ್ತು ಅವನು ಓದಿದ ಹಾಗೆ ನಾನು ಯಾವತ್ತೂ ಓದಿಲ್ಲ.

ಕೈಯಲ್ಲಿ ಕಸುಬಿದ್ದು, ಮಾರ್ಕ್ಸ್ ಕಾರ್ಡಿನಲ್ಲಿ ಅಂಕವಿಲ್ಲದೆ ‘ಕೆಲಸಕ್ಕೆ ಬಾರದವನು’ ಅನ್ನಿಸಿಕೊಂಡ ಹುಡುಗ ನಿಮ್ಮ ಮನೆಯಲ್ಲಿದ್ದರೆ ಅವನಿಗೆ ತೇಜಸ್ವಿಯವರ ‘ಕರ್ವಾಲೊ’ ಕೊಡಿ. 1980ರ ಪುಸ್ತಕ, ಇವತ್ತಿಗೂ ಬಿಸಿಯಾಗಿದೆ. ಊರಿನವರ ಕಣ್ಣಿಗೆ ಮಂದಣ್ಣ ಬರೀ ಪೋಲಿ. ವಿಜ್ಞಾನಿ ಕರ್ವಾಲೊ ಕಣ್ಣಿಗೆ ಅವನೊಳಗಿನ ನಿಸರ್ಗ ತಜ್ಞ ಕಾಣುತ್ತಾನೆ. ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೊರಟವರ ಜೊತೆ ಹೆಜ್ಜೆ ಹಾಕಿದ ಓದುಗ, ತನ್ನೊಳಗೂ ಅಂಥದ್ದೊಂದು ಇರಬಹುದೇ ಎಂದು ತಡಕಿ ನೋಡಿಕೊಳ್ಳುತ್ತಾನೆ. ಹಾಗೆ ತಡಕಿ ನೋಡಿಕೊಂಡವರನ್ನು ನಾನು ಕಂಡಿದ್ದೇನೆ.

ತ್ರಿವೇಣಿಯವರ ವಿಷಯದಲ್ಲಿ ನಾವು ಮಾಡಿದ್ದು ಇನ್ನೂ ದೊಡ್ಡ ಅನ್ಯಾಯ. ‘ಹೆಂಗಸರ ಕಾದಂಬರಿ’, ‘ಅಡುಗೆಮನೆ ಸಾಹಿತ್ಯ’ ಎಂದು ಹಣೆಪಟ್ಟಿ ಅಂಟಿಸಿ ಬದಿಗಿಟ್ಟೆವು. ‘ಶರಪಂಜರ’ ಸಿನಿಮಾ ನೋಡಿದ್ದೇವಲ್ಲ ಎಂದು ಸುಮ್ಮನಾದೆವು. ಮಾನಸಿಕ ಕಾಯಿಲೆ ಎಂಬ ಮಾತನ್ನು ಬಾಗಿಲು ಹಾಕಿಕೊಂಡು ಪಿಸುಗುಡುತ್ತಿದ್ದ ಕಾಲದಲ್ಲಿ, ಆಸ್ಪತ್ರೆಯಿಂದ ಗುಣವಾಗಿ ಬಂದ ಹೆಣ್ಣನ್ನು ಸ್ವಂತ ಮನೆಯೇ ಮತ್ತೆ ಹೇಗೆ ಹುಚ್ಚಿಗೆ ತಳ್ಳುತ್ತದೆ ಎಂದು ಆಕೆ ಆ ಕಾದಂಬರಿಯಲ್ಲಿ ಬರೆದರು. 1963ರಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೈದೂ ತುಂಬಿರಲಿಲ್ಲ. ಬಾಣಂತನದಲ್ಲಿ ಮನಸ್ಸು ಕದಡಿದ ಸೊಸೆ, ಮಗಳು ಇರುವ ಮನೆಗಳು ಇವತ್ತೂ ನಿಮ್ಮ ಬೀದಿಯಲ್ಲಿವೆ. ಆ ಮನೆಗೆ ಅನುಕಂಪದ ಮಾತು ಒಯ್ಯುವ ಬದಲು ಈ ಪುಸ್ತಕ ಒಯ್ಯಿರಿ. ಸೊಸೆಗಲ್ಲ, ಅತ್ತೆಗೆ ಮತ್ತು ಗಂಡನಿಗೆ ಕೊಡಿ.

ಹೆಸರುಗಳು ಇನ್ನೂ ಎಷ್ಟೋ ಇವೆ. ಕಯ್ಯೂರಿನ ರೈತರ ಹೋರಾಟವನ್ನೂ 1943ರಲ್ಲಿ ಗಲ್ಲಿಗೇರಿದ ನಾಲ್ವರನ್ನೂ ಮರೆಯದಂತೆ ಮಾಡಿದ ನಿರಂಜನರ ‘ಚಿರಸ್ಮರಣೆ’ ಇದೆ. ಉತ್ತರ ಕರ್ನಾಟಕದ ಹಳ್ಳಿಯೊಂದು ಕಣ್ಣೆದುರೇ ಕುಸಿಯುವ ರಾವಬಹಾದ್ದೂರರ ‘ಗ್ರಾಮಾಯಣ’ ಇದೆ. ಊರು ಬಿಟ್ಟು ಮಹಾನಗರದ ಆಫೀಸಿನಲ್ಲಿ ಸುಟ್ಟುಕೊಳ್ಳುತ್ತಿರುವ ಮಕ್ಕಳಿಗೆ ಚಿತ್ತಾಲರ ‘ಶಿಕಾರಿ’ ಇದೆ, 1979ರಲ್ಲೇ ಅವರ ಕತೆಯನ್ನು ಚಿತ್ತಾಲರು ಬರೆದಿಟ್ಟಿದ್ದಾರೆ. ಗೀತಾ ನಾಗಭೂಷಣರ ‘ಬದುಕು’ ಇದೆ.

ಕೊಳ್ಳಲು ದುಡ್ಡಿಲ್ಲ ಎನ್ನುವವರಿಗೂ ಒಂದು ಮಾತು. 1965ರ ಗ್ರಂಥಾಲಯ ಕಾಯ್ದೆಯಿಂದಾಗಿ ಈ ರಾಜ್ಯದಲ್ಲಿ ಮನೆ ಕಂದಾಯ ಕಟ್ಟುವವರು ಅದರ ಜೊತೆಗೆ ಗ್ರಂಥಾಲಯ ಕರವನ್ನೂ ಕಟ್ಟುತ್ತಾರೆ, ನೂರು ರೂಪಾಯಿ ಕಂದಾಯಕ್ಕೆ ಆರು ರೂಪಾಯಿಯಂತೆ. ಅದು ನಿಮ್ಮ ದುಡ್ಡು. ಗ್ರಂಥಾಲಯಕ್ಕೆ ಹೋಗಿ ಪುಸ್ತಕದ ಹೆಸರು ಹಿಡಿದು ಕೇಳಿ. ಇಲ್ಲ ಎಂದರೆ ಬರೆದುಕೊಟ್ಟು ಬನ್ನಿ, ಮುಂದಿನ ತಿಂಗಳು ಮತ್ತೆ ಹೋಗಿ ಕೇಳಿ. ಕೇಳುವವರಿಲ್ಲದ ಪುಸ್ತಕವನ್ನು ಪ್ರಕಾಶಕರು ಮರುಮುದ್ರಣ ಮಾಡುವುದಿಲ್ಲ, ಮರುಮುದ್ರಣವಾಗದ ಪುಸ್ತಕವನ್ನು ಮುಂದೆ ಕೇಳಲು ಯಾರಿಗೂ ಹೆಸರೇ ಗೊತ್ತಿರುವುದಿಲ್ಲ. ಈ ಗಂಟನ್ನು ಬಿಚ್ಚಲು ಸರ್ಕಾರದ ಆದೇಶ ಬೇಕಿಲ್ಲ, ಕೌಂಟರಿನ ಮುಂದೆ ನಿಂತು ಕೇಳುವ ಒಂದು ಬಾಯಿ ಬೇಕು.

ನನ್ನ ವೃತ್ತಿಯವರೇ, ನಿಮಗಂತೂ ಕೈಮುಗಿದು ಹೇಳುತ್ತೇನೆ. ನವೆಂಬರ್ ಬಂದರೆ ವೇದಿಕೆಯ ಮೇಲೆ ಕನ್ನಡ ಉಳಿಸಿ ಎನ್ನುತ್ತೇವೆ, ಶಾಲು ಹೊದಿಸಿಕೊಳ್ಳುತ್ತೇವೆ. ಕೆಳಗೆ ಕುರ್ಚಿ ಜೋಡಿಸುತ್ತಿದ್ದ ಹುಡುಗ ಅಂಜುತ್ತಾ ಬಂದು ‘ಸಾರ್, ಒಂದ್ ಪುಸ್ತಕ ಹೇಳಿ’ ಎಂದರೆ ಕಾರು ಹತ್ತುತ್ತಾ ಬಾಯಿಗೆ ಬಂದ ಹೆಸರು ಹೇಳಿ ಹೊರಡುತ್ತೇವೆ. ಅವತ್ತಿನ ಇಡೀ ಕಾರ್ಯಕ್ರಮದಲ್ಲಿ ಕನ್ನಡಕ್ಕೆ ನಿಜವಾಗಿ ಆಗಬೇಕಿದ್ದ ಕೆಲಸ ಆ ಹುಡುಗನ ಪ್ರಶ್ನೆಯಾಗಿತ್ತು. ಕಾರಿನಿಂದ ಇಳಿಯಿರಿ. ಅವನ ಊರು ಕೇಳಿ, ಅವನ ಅಪ್ಪ ಅಮ್ಮ ಏನು ಮಾಡುತ್ತಾರೆ ಕೇಳಿ, ಯಾವ ಸಿನಿಮಾ ಇಷ್ಟ ಕೇಳಿ. ಆಮೇಲೆ ಒಂದೇ ಒಂದು ಹೆಸರು ಹೇಳಿ. ಆಗುವುದಾದರೆ ನಿಮ್ಮ ಪ್ರತಿಯನ್ನೇ ಕೊಟ್ಟುಬಿಡಿ. ಹಿಂತಿರುಗಿ ಬರದಿದ್ದರೆ ಬರದಿರಲಿ.

ಮದುಮಗಳು ವಾಪಸು ಬಂದ ವರ್ಷವೇ ನಾನು ಆ ಹೊಲಿಗೆಯವಳ ಅಂಗಡಿಗೆ ಮತ್ತೊಂದು ಪುಸ್ತಕ ಒಯ್ದೆ, ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’. ಈ ಸಲ ದೊಡ್ಡ ಮಾತು ಆಡಲಿಲ್ಲ. ಇದನ್ನು ಬರೆದವರು ಶಾಲೆ ಕಲಿತದ್ದು ಏಳೇ ವರ್ಷ, ಹನ್ನೆರಡಕ್ಕೆ ಮದುವೆಯಾಯಿತು, ಕಾದಂಬರಿ ಬರೆಯಲು ಕೂತಾಗ ವಯಸ್ಸು ನಲವತ್ತು ದಾಟಿತ್ತು ಎಂದಷ್ಟೇ ಹೇಳಿದೆ. ಅವಳು ಮಿಷನ್ನಿನ ಚಕ್ರ ನಿಲ್ಲಿಸಿ ಕೇಳಿಸಿಕೊಂಡಳು.

ನಾಲ್ಕನೇ ದಿನಕ್ಕೆ ದಾರಿಯಲ್ಲಿ ಅಡ್ಡಗಟ್ಟಿದಳು. "ಮೇಡಂ, ಫಣಿಯಮ್ಮ ನಿಜವಾಗ್ಲೂ ಇದ್ರಾ?" ಇದ್ದರು, ಲೇಖಕಿಯ ಬಂಧುಬಳಗದಲ್ಲೇ ಇದ್ದರು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಜೀವನವಿಡೀ ಮಡಿಯಲ್ಲಿ ಸವೆದ ಮುದುಕಿ ಹೆರಿಗೆ ನೋವಿನ ಹೆಣ್ಣಿನ ಬಳಿಗೆ ಮಡಿ ಬದಿಗಿಟ್ಟು ಹೋಗುವುದನ್ನು, ತಲೆ ಬೋಳಿಸಿಕೊಳ್ಳಲಾರೆ ಎಂದ ದಾಕ್ಷಾಯಿಣಿಯ ಪರ ನಿಲ್ಲುವುದನ್ನು ನನಗೇ ತಿರುಗಿ ಹೇಳಿದಳು, ನಾನು ಓದಿಯೇ ಇಲ್ಲವೆನ್ನುವ ಹಾಗೆ. "ಬೇರೆಯೋರು ಆಗಿದ್ರೆ ನಂಗಾಗಿದ್ದು ನಿಂಗೂ ಆಗ್ಲಿ ಅಂತಿದ್ರು. ಆಯಮ್ಮ ಅನ್ನಲಿಲ್ಲ ನೋಡಿ."

ಕಳೆದ ವಾರ ಸೀರೆಗೆ ಫಾಲ್ ಹಾಕಿಸಲು ಹೋದಾಗ ನನ್ನ ಪುಸ್ತಕ ಎಲ್ಲಿದೆ ಎಂದು ಕೇಳಿದೆ. ಹೂ ಕಟ್ಟುವ ಅಕ್ಕನಿಗೆ ಕೊಟ್ಟಿದ್ದಳಂತೆ, ಆ ಅಕ್ಕ ಮಗಳ ಮನೆಗೆ ಹೋಗುವಾಗ ಒಯ್ದಿದ್ದಳಂತೆ. "ಬರುತ್ತೆ ಬಿಡಿ ಮೇಡಂ" ಎಂದು ಹಲ್ಲಿನಲ್ಲಿ ದಾರ ಕತ್ತರಿಸಿ, ಸೂಜಿಗೆ ಪೋಣಿಸುತ್ತಾ ಕೇಳಿದಳು: "ಮುಂದಿನ್ದು ಏನು ತಂದ್ರಿ?"