ಲ್ಯಾಗ್ ಆದರೆ ಮೊದಲು ಪರ್ಸ್ ತೆಗೆಯಬೇಡಿ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಈಚೆಗೆ ಹೊಸ ಖರ್ಚಿನ ಮಾತೊಂದು ಶುರುವಾಗಿದೆ. ಕಾಲೇಜಿಗೆ ಹೋಗುವ ಮಗನಿಗೋ ಮಗಳಿಗೋ ಕಂಪ್ಯೂಟರ್ ಕೊಡಿಸಿಯಾಗಿದೆ. ಈಗ ಅವರು ಗೇಮ್ ಆಡುವುದಷ್ಟೇ ಅಲ್ಲ, ಆಡುತ್ತಾ ಮಾತಾಡುತ್ತಾ ಅದನ್ನು ಯೂಟ್ಯೂಬಿನಲ್ಲಿ ಲೈವ್ ಕೊಡುತ್ತಾರೆ. ಸುಮ್ಮನೆ ಆಡುವಾಗ ಸಲೀಸಾಗಿ ಓಡುವ ಗೇಮ್, ಲೈವ್ ಬಟನ್ ಒತ್ತಿದ ಕೂಡಲೇ ಮುಗ್ಗರಿಸುತ್ತದೆ. ನೋಡುವವರು ‘ಅಣ್ಣಾ, ಸ್ಟಕ್ ಆಗ್ತಿದೆ’ ಎಂದು ಚಾಟಿನಲ್ಲಿ ಬರೆಯುತ್ತಾರೆ, ಐದು ನಿಮಿಷದಲ್ಲಿ ಎದ್ದು ಹೋಗುತ್ತಾರೆ. ವಾರ ಕಳೆಯುವಷ್ಟರಲ್ಲಿ ರಾತ್ರಿ ಊಟದ ಹೊತ್ತಿಗೆ ಬೇಡಿಕೆ ಬರುತ್ತದೆ: ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕು, ಇಎಂಐ ಸಿಗುತ್ತದಂತೆ.

ಪರಊರಿನಲ್ಲಿ ಮನೆಸಾಲ ಕಟ್ಟುತ್ತಾ ಊರಿಗೂ ನಾಲ್ಕು ಕಾಸು ಕಳಿಸುವ ಕುಟುಂಬಕ್ಕೆ ಮೂವತ್ತು ನಲವತ್ತು ಸಾವಿರ ಸಣ್ಣ ಮೊತ್ತವಲ್ಲ. ಸಾಫ್ಟ್‌ವೇರ್ ಕೆಲಸದಲ್ಲಿರುವವನಾಗಿ ನಾನು ಹೇಳುವುದು ಇಷ್ಟೇ: ಅಳೆಯದೆ ಕೊಳ್ಳಬೇಡಿ. ಕಚೇರಿಯಲ್ಲಿ ಒಂದು ಸರ್ವರ್ ನಿಧಾನವಾಯಿತೆಂದರೆ ನಾವು ಮೊದಲ ದಿನವೇ ಹೊಸ ಸರ್ವರ್ ಕೇಳುವುದಿಲ್ಲ. ಕೆಲಸ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಹುಡುಕುತ್ತೇವೆ. ಅದೇ ಶಿಸ್ತು ಮನೆಯ ಪಿಸಿಗೂ ಬೇಕು. ಲ್ಯಾಗ್ ಎಂಬುದು ಜ್ವರವಿದ್ದ ಹಾಗೆ. ಮಲೇರಿಯಾದಲ್ಲೂ ಮೈ ಸುಡುತ್ತದೆ, ಫ್ಲೂನಲ್ಲೂ ಮೈ ಸುಡುತ್ತದೆ. ಮದ್ದು ಮಾತ್ರ ಬೇರೆ ಬೇರೆ.

ಒಳಗೆ ಏನು ನಡೆಯುತ್ತದೆ ನೋಡಿ. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದೊಂದು ಚಿತ್ರಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡ್. ಅಷ್ಟರೊಳಗೆ ಗ್ರಾಫಿಕ್ಸ್ ಕಾರ್ಡ್ ಆಟದ ಚಿತ್ರವನ್ನು ಬಿಡಿಸಬೇಕು. ಲೈವ್ ಇದ್ದಾಗ ಅದೇ ಕಂಪ್ಯೂಟರಿನ ತಲೆಗೆ ಇನ್ನೂ ಮೂರು ಕೆಲಸ ಬೀಳುತ್ತವೆ. ಮೊದಲನೆಯದು, ಆಟದ ಚಿತ್ರ, ಕ್ಯಾಮೆರಾದಲ್ಲಿ ಕಾಣುವ ಮುಖ, ಚಾಟ್ ಎಲ್ಲವನ್ನೂ ಕೂಡಿಸಿ ಒಂದೇ ಚಿತ್ರ ಮಾಡುವುದು; ಇದೂ ಗ್ರಾಫಿಕ್ಸ್ ಕಾರ್ಡಿನದೇ ಪಾಲು. ಎರಡನೆಯದು, ಅದನ್ನು ಕುಗ್ಗಿಸುವುದು, ಅಂದರೆ ಎನ್‌ಕೋಡಿಂಗ್. ಮೂರನೆಯದು, ಕುಗ್ಗಿಸಿದ್ದನ್ನು ಇಂಟರ್ನೆಟ್‌ನಲ್ಲಿ ಅಪ್‌ಲೋಡ್ ಮಾಡುವುದು. ಮೂರರಲ್ಲಿ ಯಾವುದು ತಡವಾದರೂ ನೋಡುವವರಿಗೆ ಕಾಣುವುದು ತಡವರಿಸುವ ಚಿತ್ರವೇ.

ಲೋಕಲ್‌ನಲ್ಲಿ ದಿನಾ ಓಡಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಠಾಣೆ–ದಿವಾ ನಡುವಿನ ಐದನೇ ಮತ್ತು ಆರನೇ ಹಳಿಗಳು ಲೋಕಾರ್ಪಣೆಯಾದದ್ದು 2022ರ ಫೆಬ್ರವರಿಯಲ್ಲಿ. ಅದಕ್ಕೆ ಮುಂಚೆ ಆ ಭಾಗದಲ್ಲಿ ದೂರದೂರಿನ ಎಕ್ಸ್‌ಪ್ರೆಸ್‌ಗಳೂ ಫಾಸ್ಟ್ ಲೋಕಲ್‌ಗಳೂ ಒಂದೇ ಹಳಿಯನ್ನು ಹಂಚಿಕೊಳ್ಳಬೇಕಿತ್ತು. ಆಗ ಕಲ್ಯಾಣದಲ್ಲಿ ಗಾಡಿಗೆ ಇನ್ನೂ ಮೂರು ಡಬ್ಬಿ ಜೋಡಿಸಿದ್ದರೆ ದಿವಾದ ಹತ್ತಿರ ಸಿಗ್ನಲ್ ಬೇಗ ಸಿಗುತ್ತಿರಲಿಲ್ಲ. ಗಾಡಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಹಳಿ ಹಾಕಬೇಕು.

ನಮ್ಮ ಗಾಡಿ ಎಲ್ಲಿ ನಿಂತಿದೆ ಎಂದು ತಿಳಿಯಲು ಕಾಸು ಖರ್ಚಿಲ್ಲ. ಹೆಚ್ಚಿನ ಸ್ಟ್ರೀಮರ್‌ಗಳು ಬಳಸುವ ಒಬಿಎಸ್ ಸ್ಟುಡಿಯೋ ಉಚಿತ ತಂತ್ರಾಂಶ. ಅದರ ‘ವ್ಯೂ’ ಮೆನುವಿನಲ್ಲಿ ‘ಸ್ಟ್ಯಾಟ್ಸ್’ ಎಂಬ ಕಿಟಕಿ ಇದೆ. ಅದರಲ್ಲಿ ಮೂರು ಲೆಕ್ಕ ಬೇರೆ ಬೇರೆಯಾಗಿ ಕಾಣುತ್ತವೆ: ರೆಂಡರಿಂಗ್ ಲ್ಯಾಗ್‌ನಿಂದ ತಪ್ಪಿದ ಫ್ರೇಮ್, ಎನ್‌ಕೋಡಿಂಗ್ ಲ್ಯಾಗ್‌ನಿಂದ ಬಿಟ್ಟುಹೋದ ಫ್ರೇಮ್, ನೆಟ್‌ವರ್ಕ್‌ನಲ್ಲಿ ಕಳೆದುಹೋದ ಫ್ರೇಮ್. ಹತ್ತು ನಿಮಿಷ ಲೈವ್ ಇಟ್ಟು ಈ ಮೂರನ್ನು ಒಂದು ಕಾಗದದಲ್ಲಿ ಬರೆದುಕೊಂಡರೆ ಅರ್ಧ ಕೆಲಸ ಮುಗಿಯಿತು.

ಮೊದಲ ಲೆಕ್ಕ ಏರುತ್ತಿದ್ದರೆ ಗ್ರಾಫಿಕ್ಸ್ ಕಾರ್ಡಿಗೆ ಉಸಿರಾಡಲು ಬಿಡುವಿಲ್ಲ ಎಂದರ್ಥ. ಆಟವೇ ಅದನ್ನು ಪೂರ್ತಿ ತಿಂದುಹಾಕಿದರೆ ಒಬಿಎಸ್‌ಗೆ ಚಿತ್ರ ಕೂಡಿಸಲು ಸರದಿಯೇ ಬರುವುದಿಲ್ಲ. ಆಟದ ಸೆಟ್ಟಿಂಗ್‌ನಲ್ಲಿ ಫ್ರೇಮ್ ಮಿತಿ ಹಾಕಿ, ನೆರಳು ಮುಂತಾದ ಅಲಂಕಾರ ಇಳಿಸಿ. ವಿಂಡೋಸ್‌ನಲ್ಲಿ ಒಬಿಎಸ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ಅದಕ್ಕೆ ಗ್ರಾಫಿಕ್ಸ್ ಕಾರ್ಡಿನಲ್ಲಿ ಆದ್ಯತೆಯೂ ಸಿಗುತ್ತದೆ.

ಎರಡನೆಯದು ಏರುತ್ತಿದ್ದರೆ ಕುಗ್ಗಿಸುವ ಕೆಲಸ ಯಾರ ಪಾಲಿಗೆ ಬಿದ್ದಿದೆ ನೋಡಿ. ಎಕ್ಸ್264 ಎಂದಿದ್ದರೆ ಅದನ್ನು ಮಾಡುವುದು ಪ್ರೊಸೆಸರ್, ಆಟದ ಲೆಕ್ಕಾಚಾರವನ್ನು ಮಾಡುತ್ತಿರುವ ಅದೇ ಪ್ರೊಸೆಸರ್. ಎನ್ವಿಡಿಯಾ ಕಾರ್ಡುಗಳಲ್ಲಿ ಎನ್‌ವೆಂಕ್, ಇಂಟೆಲ್‌ನಲ್ಲಿ ಕ್ವಿಕ್ ಸಿಂಕ್ ಎಂಬ ಪ್ರತ್ಯೇಕ ಎನ್‌ಕೋಡರ್ ಹತ್ತು ವರ್ಷಕ್ಕಿಂತ ಹಿಂದಿನಿಂದಲೇ ಬರುತ್ತಿದೆ, ಎಎಮ್‌ಡಿಯಲ್ಲೂ ಇದೆ. ಅದೇ ನಮ್ಮ ಐದನೇ–ಆರನೇ ಹಳಿ. ಎಷ್ಟೋ ಮನೆಗಳಲ್ಲಿ ಅದು ಕಂಪ್ಯೂಟರಿನೊಳಗೆ ಇದ್ದರೂ ಆನ್ ಆಗಿರುವುದಿಲ್ಲ.

ಡೊಂಬಿವಲಿಯಲ್ಲಿ ನಮ್ಮ ಪರಿಚಯದ ಒಂದು ಮನೆಯ ಉದಾಹರಣೆ ಕೊಡುತ್ತೇನೆ. ಉಡುಪಿ ಕಡೆಯವರು, ತಂದೆಗೆ ಠಾಣೆಯ ಹೋಟೆಲ್ ಒಂದರಲ್ಲಿ ಕ್ಯಾಷಿಯರ್ ಕೆಲಸ. ಡಿಗ್ರಿ ಎರಡನೇ ವರ್ಷದ ಮಗ ವ್ಯಾಲೊರಂಟ್ ಆಡುತ್ತಾ ಕನ್ನಡದಲ್ಲಿ ಲೈವ್ ಕೊಡುತ್ತಾನೆ. ನೋಡುವವರು ಮೂವತ್ತು ನಲವತ್ತು ಮಂದಿ, ಬೆಳಗಾವಿಯವರಿದ್ದಾರೆ, ದುಬೈಯವರಿದ್ದಾರೆ. ಹೊಸ ಕಾರ್ಡಿಗೆ ಮನೆಯವರು ಒಪ್ಪಿಯೂ ಆಗಿತ್ತು. ತಾಯಿ ಮಾತ್ರ, ‘ನೀವೊಮ್ಮೆ ನೋಡಿ ಹೇಳಿ, ಮತ್ತೆ ಬೇಕಿದ್ದರೆ ತಗೊಳ್ಳುವ’ ಅಂದರು. ಸ್ಟ್ಯಾಟ್ಸ್ ಕಿಟಕಿ ತೆರೆದೆವು. ನೆಟ್‌ವರ್ಕ್ ಸೊನ್ನೆ, ಎನ್‌ಕೋಡಿಂಗ್ ಸೊನ್ನೆ, ರೆಂಡರಿಂಗ್ ಲ್ಯಾಗ್ 18 ಶೇಕಡಾ. ಅವನ ಮಾನಿಟರ್ 60 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 60 ಚಿತ್ರ ತೋರಿಸಬಲ್ಲದು. ಆಟ ಮಾತ್ರ ಯಾವ ಮಿತಿಯೂ ಇಲ್ಲದೆ 150ಕ್ಕೂ ಹೆಚ್ಚು ಫ್ರೇಮ್ ಬಿಡಿಸುತ್ತಾ ಕಾರ್ಡನ್ನು 99 ಶೇಕಡಾದಲ್ಲಿ ಇಟ್ಟಿತ್ತು. ಮಿತಿ 90ಕ್ಕೆ ಇಳಿಸಿದ ಮೇಲೆ ರೆಂಡರಿಂಗ್ ಲ್ಯಾಗ್ ಸೊನ್ನೆಯ ಹತ್ತಿರಕ್ಕೆ ಬಂತು. ‘ಇಷ್ಟೇನಾ ಅಣ್ಣಾ?’ ಎಂದ ಹುಡುಗ. ಅವನ ಮಟ್ಟಿಗೆ ಇಷ್ಟೇ ಆಗಿತ್ತು. ಪಕ್ಕದ ಮನೆಯ ಪಿಸಿಯಲ್ಲಿ ಕಾರಣ ಬೇರೆಯೇ ಇರಬಹುದು. ಅದಕ್ಕೇ ಅಳೆಯಬೇಕು ಎನ್ನುವುದು.

ಮೂರನೆಯ ಲೆಕ್ಕ ನೆಟ್‌ವರ್ಕಿನದು. ಇಲ್ಲಿ ನಮ್ಮವರು ಎರಡು ವಿಷಯ ಬೆರೆಸುತ್ತಾರೆ. 1080ಪಿ ಸ್ಟ್ರೀಮಿಗೆ 6,000 ಕಿಲೋಬಿಟ್ ಬಿಟ್‌ರೇಟ್ ಇಟ್ಟರೆ ಗಂಟೆಗೆ ಸುಮಾರು 2.7 ಜಿಬಿ ಅಪ್‌ಲೋಡ್ ಆಗುತ್ತದೆ. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಡೌನ್‌ಲೋಡ್ ವೇಗ; ನಮಗೆ ಬೇಕಾದದ್ದು ಅಪ್‌ಲೋಡ್. ಅದನ್ನು ಅಳೆದು, ಅದರ ಮೂರನೇ ಎರಡು ಭಾಗಕ್ಕಿಂತ ಕೆಳಗೆ ಬಿಟ್‌ರೇಟ್ ಇಡಿ. ಅಪ್‌ಲೋಡ್ ದಾರಿ ತುಂಬಿಹೋದರೆ ಆಟದ ಪಿಂಗ್ ಕೂಡ ಏರುತ್ತದೆ, ಏಕೆಂದರೆ ಎರಡೂ ಹೋಗುವುದು ಒಂದೇ ಬಾಗಿಲಲ್ಲಿ. ಅದೇ ಹೊತ್ತಿಗೆ ಅಪ್ಪನ ಫೋನು ಮದುವೆ ಮನೆಯ ಫೋಟೊಗಳನ್ನು ಬ್ಯಾಕಪ್ ಮಾಡುತ್ತಿದ್ದರಂತೂ ಮುಗಿಯಿತು.

ಇನ್ನು ವೈಫೈ. ಏಳು ಮಹಡಿಯ ಕಟ್ಟಡದಲ್ಲಿ ಮನೆಗೊಂದು ರೂಟರ್. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದೆ ನಿಲ್ಲುವ ಚಾನೆಲ್‌ಗಳು ಮೂರೇ: 1, 6, 11. ರಾತ್ರಿ ಒಂಬತ್ತಕ್ಕೆ ಎಲ್ಲರ ಮನೆಯಲ್ಲೂ ಧಾರಾವಾಹಿ, ಕ್ರಿಕೆಟ್ ಶುರುವಾದರೆ ಅಲ್ಲಿ ಎಂಟೂ ಇಪ್ಪತ್ತರ ಲೋಕಲ್‌ನ ನೂಕುನುಗ್ಗಲು. ರೂಟರ್‌ನಿಂದ ಪಿಸಿಗೆ ಒಂದು ಲ್ಯಾನ್ ಕೇಬಲ್ ಎಳೆಯಿರಿ. ಕೆಲವು ನೂರು ರೂಪಾಯಿಯ ಆ ತಂತಿ ಮಾಡುವ ಕೆಲಸವನ್ನು ಸಾವಿರಾರು ರೂಪಾಯಿಯ ಗ್ರಾಫಿಕ್ಸ್ ಕಾರ್ಡ್ ಮಾಡಲಾರದು.

ಸರ್ವರ್ ದೂರ ಇದೆ ಎಂಬ ದೂರು ನಮ್ಮ ಪ್ರದೇಶಕ್ಕಂತೂ ಒಪ್ಪುವುದಿಲ್ಲ. ಐರೋಲಿ, ರಬಾಳೆ, ಮಹಾಪೆ ಎಂದರೆ ಡೇಟಾ ಸೆಂಟರ್‌ಗಳ ಸಾಲು. ಅಮೆಜಾನ್ 2016ರಲ್ಲಿ, ಗೂಗಲ್ 2017ರಲ್ಲಿ ಮುಂಬಯಿ ಕ್ಲೌಡ್ ವಲಯ ತೆರೆದವು. ವ್ಯಾಲೊರಂಟ್‌ಗೂ ಕೌಂಟರ್ ಸ್ಟ್ರೈಕ್‌ಗೂ ಮುಂಬಯಿಯಲ್ಲಿ ಸರ್ವರ್ ಇದೆ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಡೊಂಬಿವಲಿಯಿಂದ ಮುಂಬಯಿಯ ಸರ್ವರ್‌ಗೆ ಹೋಗಿಬರಲು ಬೆಳಕಿಗೆ ಒಂದು ಮಿಲಿಸೆಕೆಂಡೂ ಬೇಡ. ಸಿಂಗಪುರಕ್ಕಾದರೆ ಕಡಿಮೆಯೆಂದರೂ 40 ಬೇಕು. ಆದ್ದರಿಂದ ಪಿಂಗ್ ವಿಪರೀತವಾಗಿದ್ದರೆ ಗೇಮಿನಲ್ಲಿ ಯಾವ ಸರ್ವರ್ ಆರಿಸಿದೆ ಎಂದು ಮೊದಲು ನೋಡಿ.

ಲೆಕ್ಕದ ಕಿಟಕಿಯಲ್ಲಿ ನೇರವಾಗಿ ಕಾಣದ ಕಾರಣ ಒಂದಿದೆ: ಬಿಸಿ. ಮೇ ತಿಂಗಳ ಇಲ್ಲಿನ ಸೆಕೆ, ಕಿಟಕಿ ಮುಚ್ಚಿದ ಹತ್ತಡಿ ಕೋಣೆ, ಹಾಸಿಗೆ ಮೇಲಿಟ್ಟ ಲ್ಯಾಪ್‌ಟಾಪ್. ಬಿಸಿ ಮಿತಿ ದಾಟಿದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಮೊದಲ ಇಪ್ಪತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ತಡವರಿಸುವ ಸ್ಟ್ರೀಮ್ ಕಂಡರೆ ಮೊದಲ ಅನುಮಾನ ಇದರ ಮೇಲಿರಲಿ. ಫ್ಯಾನಿನ ಧೂಳು ತೆಗೆಯಿರಿ, ಲ್ಯಾಪ್‌ಟಾಪನ್ನು ಗಟ್ಟಿ ಮೇಜಿನ ಮೇಲಿಡಿ, ಚಾರ್ಜರ್ ಹಾಕಿಯೇ ಆಡಿ. ಬ್ಯಾಟರಿಯಲ್ಲಿ ಓಡುವಾಗ ಅದರ ಶಕ್ತಿ ಹೇಗೂ ಕಡಿಮೆ.

ಯಾವತ್ತೂ ಏನೂ ಕೊಳ್ಳಬಾರದು ಎಂದು ನಾನು ಹೇಳುತ್ತಿಲ್ಲ. ಫ್ರೇಮ್ ಮಿತಿ ಹಾಕಿ, ಎನ್‌ಕೋಡರ್ ಬದಲಿಸಿ, ಸ್ಟ್ರೀಮನ್ನು 720ಪಿಗೆ ಇಳಿಸಿದ ಮೇಲೂ ರೆಂಡರಿಂಗ್ ಲೆಕ್ಕ ಇಳಿಯದಿದ್ದರೆ ಕಾರ್ಡ್ ನಿಜಕ್ಕೂ ಹಳೆಯದಾಗಿದೆ. 8 ಜಿಬಿ ರ್‍ಯಾಮ್‌ನಲ್ಲಿ ಗೇಮ್, ಒಬಿಎಸ್, ಕ್ರೋಮ್ ಮೂರೂ ತೆರೆದು ಮೆಮೊರಿ ತುಂಬಿಹೋಗುತ್ತಿದ್ದರೆ ಇನ್ನೊಂದು 8 ಜಿಬಿ ಹಾಕಿಸುವುದು ಒಳ್ಳೆಯ ಖರ್ಚು. ಆಗ ಲ್ಯಾಮಿಂಗ್ಟನ್ ರೋಡಿಗೆ ಹೋದರೂ ಕೈಯಲ್ಲಿ ಅಂಕಿಗಳಿರುತ್ತವೆ, ಏನು ಬೇಕೆಂದು ನೀವೇ ಹೇಳುತ್ತೀರಿ.

‘ಇದೆಲ್ಲ ಏಕೆ, ಆಟ ನಿಲ್ಲಿಸಿ ಓದಲಿ’ ಎನ್ನುವ ಹಿರಿಯರಿದ್ದಾರೆ. ಓದು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಹತ್ತು ನಿಮಿಷ ನೋಡಿ, ಅಂಕಿ ಬರೆದು, ಮತ್ತೆ ಇನ್ನೊಂದನ್ನು ಬದಲಿಸುವುದು ಎಂಜಿನಿಯರಿಂಗಿನ ಮೊದಲ ಪಾಠ. ಎಂಟೆಕ್ ಮುಗಿಸಿ ಬರುವವರಲ್ಲೂ ಈ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಇನ್ನೊಂದು ಮಾತು: ಇಲ್ಲಿ ಹುಟ್ಟಿ ಬೆಳೆದ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಓಣಿಯಲ್ಲಿ ಮರಾಠಿ, ಹಿಂದಿ ಆಡುತ್ತಾರೆ. ಮನೆಯ ಹೊರಗೆ ದಿನಕ್ಕೆ ಎರಡು ಗಂಟೆ ಕನ್ನಡದಲ್ಲೇ ಮಾತಾಡುವ ಜಾಗ ಅವರಿಗೆ ಎಲ್ಲಿದೆ? ಆ ಹುಡುಗನಿಗೆ ಅದು ಸಿಕ್ಕಿದ್ದು ತನ್ನ ಸ್ಟ್ರೀಮಿನಲ್ಲಿ. ತಡವರಿಸುವ ಚಿತ್ರದಿಂದ ಬೇಸತ್ತು ಅವನು ನಿಲ್ಲಿಸಿದರೆ, ಅಥವಾ ಹೆಚ್ಚು ಜನ ಬರಲಿ ಎಂದು ಹಿಂದಿಗೆ ಹೊರಳಿದರೆ ನಷ್ಟ ಯಾರದು?

ನಮ್ಮ ಕನ್ನಡ ಸಂಘಗಳು ಇಲ್ಲಿ ಒಂದು ಕೆಲಸ ಮಾಡಬಹುದು. ಯಕ್ಷಗಾನ, ರಾಜ್ಯೋತ್ಸವ, ಭಜನೆಗಳನ್ನು ಸಂಘದವರೂ ಈಗ ಲೈವ್ ಹಾಕುತ್ತಾರೆ. ಚೆಂಡೆಯ ಪೆಟ್ಟು ಕೇಳಿಸಿ ಎರಡು ಕ್ಷಣದ ಮೇಲೆ ವೇಷಧಾರಿಯ ಹೆಜ್ಜೆ ಕಾಣುವ ಪ್ರಸಾರವನ್ನು ಊರಿನ ಅಜ್ಜಿ ಎಷ್ಟು ಹೊತ್ತು ನೋಡಿಯಾರು? ಹಿರಿಯರ ಯಕ್ಷಗಾನಕ್ಕೂ ಹುಡುಗರ ಗೇಮಿಗೂ ಬೇಕಾದ ಒಬಿಎಸ್ ಪಾಠ ಬಹುಮಟ್ಟಿಗೆ ಒಂದೇ. ನವೆಂಬರ್ ಒಂದರ ಮೊದಲು ಒಂದು ಭಾನುವಾರ ಸಂಘದ ಸಭಾಂಗಣದಲ್ಲಿ ನಾಲ್ಕು ಲ್ಯಾಪ್‌ಟಾಪ್ ಇಟ್ಟು, ಈ ಹುಡುಗ ಹುಡುಗಿಯರನ್ನೇ ಕೂರಿಸಿ ಪಾಠ ಮಾಡಿಸಿ, ಕನ್ನಡದಲ್ಲೇ. ಮೂರು ಲೆಕ್ಕ, ಒಂದು ಕೇಬಲ್, ಒಂದು ನೋಟ್‌ಬುಕ್ ಸಾಕು. ಇಎಂಐಯ ಮಾತು ಆಮೇಲೆ ಇದ್ದೇ ಇದೆ.