ಕತ್ತಲೆಯ ಪೇಟೆಗೂ ಕೀರ್ದಿಯುಂಟು

ಅಂತರಜಾಲದ ಮರೆಯಲ್ಲಿ ನಡೆಯುವ 'ಡಾರ್ಕ್‌ನೆಟ್' ಪೇಟೆಗಳಲ್ಲಿ ಮಾದಕ ದ್ರವ್ಯ ಮಾರುವವರನ್ನು ಹಿಡಿಯುವದು ಅಸಾಧ್ಯವೆಂಬ ಮಾತು ಸುಶಿಕ್ಷಿತರ ಬಾಯಲ್ಲಿಯೂ ಕೇಳಬರುತ್ತಿದೆ. ಈ ತಿಳಿವಳಿಕೆ ತಪ್ಪಾದುದು, ಅಪಾಯಕರವೂ ಆದುದು. ಕಳ್ಳನು ಅದೃಶ್ಯನೆಂದು ನಂಬಿದ ಸರಕಾರವು ಕೈಕಟ್ಟಿ ಕುಳಿತೀತು, ಇಲ್ಲವೆ ಸಜ್ಜನರೆಲ್ಲರ ಮನೆಗಳನ್ನು ಶೋಧಿಸಲು ಹೊರಟೀತು.

ಈ ಪೇಟೆಗಳಲ್ಲಿ ಮುಖ ಮರೆಸುವದು 'ಟಾರ್' ಜಾಲ. ಹಣ ಸಲ್ಲುವದು ಬಹುಮಟ್ಟಿಗೆ ಬಿಟ್‌ಕಾಯಿನ್ ಮೊದಲಾದ ನಾಣ್ಯಗಳಲ್ಲಿ. ಆದರೆ ಬಿಟ್‌ಕಾಯಿನ್ನಿನ ಪ್ರತಿಯೊಂದು ಸಂದಾಯವೂ ಜಗತ್ತೆಲ್ಲ ಓದಬಲ್ಲ, ಅಳಿಸಲಾಗದ ಕೀರ್ದಿಯಲ್ಲಿ ದಾಖಲಾಗಿರುತ್ತದೆ. ಅಲ್ಲಿ ಹೆಸರಿಲ್ಲ, ಅಂಕೆಗಳಷ್ಟೇ. ರಬಕವಿ-ಬನಹಟ್ಟಿಯ ಸೀರೆ ವ್ಯಾಪಾರಸ್ಥರಿಗೆ ಹೆಚ್ಚು ಹೇಳಬೇಕಾಗಿಲ್ಲ: ಒಂದು ರಕಮಿನ ಧನಿ ಗೊತ್ತಾದರೆ ಉಳಿದ ರಕಮುಗಳೂ ಬಾಯಿ ಬಿಡುತ್ತವೆ. ಅಂಥ ನಾಣ್ಯಗಳನ್ನು ರೂಪಾಯಿಗೆ ಬದಲಿಸಿಕೊಡುವ ನಮ್ಮ ದೇಶದ ಸಂಸ್ಥೆಗಳು ಗಿರಾಕಿಯ ಗುರುತನ್ನಿಟ್ಟು, ಸಂಶಯದ ವ್ಯವಹಾರಗಳನ್ನು ಸರಕಾರಕ್ಕೆ ತಿಳಿಸಬೇಕೆಂದು 2023ರ ಮಾರ್ಚದಲ್ಲಿ ಅಧಿಸೂಚನೆಯಾಗಿದೆ.

ಸಂಶೋಧಕರೂ ಸುಮ್ಮನಿಲ್ಲ. ಅಮೇರಿಕೆಯ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ನಿಕೋಲಾ ಕ್ರಿಸ್ಟಿನ್ ಇವರು 2012ರಲ್ಲಿ 'ಸಿಲ್ಕ್ ರೋಡ್' ಪೇಟೆಯ ಪುಟಗಳನ್ನು ದಿನದಿನವೂ ಇಳಿಸಿಕೊಂಡು, ಗಿರಾಕಿಗಳು ಬರೆದ ಅಭಿಪ್ರಾಯಗಳನ್ನೆಣಿಸಿಯೇ, ತಿಂಗಳಿಗೆ ಸುಮಾರು 12 ಲಕ್ಷ ಡಾಲರಿನ ವ್ಯಾಪಾರವನ್ನು ಅಂದಾಜು ಮಾಡಿದರು. 2013ರಲ್ಲಿ ಆ ಪೇಟೆ ಮುಚ್ಚಲ್ಪಟ್ಟಿತು. 2017ರಲ್ಲಿ ಡಚ್ ಪೋಲೀಸರು 'ಹಂಸಾ' ಪೇಟೆಯನ್ನು ವಶಪಡಿಸಿಕೊಂಡು, ಒಂದು ತಿಂಗಳು ಗುಟ್ಟಾಗಿ ತಾವೇ ನಡೆಯಿಸಿ, ಬಂದವರ ವಿಳಾಸಗಳನ್ನು ಬರೆದುಕೊಂಡರು. ಅದೇ ವರ್ಷ 'ಆಲ್ಫಾಬೇ' ಪೇಟೆಯ ಸ್ಥಾಪಕನನ್ನು ಬಯಲಿಗೆಳೆದುದು ಅವನದೇ ಹಳೆಯ ಇಮೇಲ್ ವಿಳಾಸ!

ಇಷ್ಟಾಗಿ ಸರಕು ಜಾಲದಲ್ಲಿ ಹರಿದು ಬಾರದು, ಟಪಾಲಿನಲ್ಲಿಯೇ ಬರಬೇಕು. ಬೆಂಗಳೂರಿನ ವಿದೇಶೀ ಟಪಾಲು ಕಚೇರಿಯಲ್ಲಿ ಇಂಥ ಪಾರ್ಸೆಲುಗಳು ಹಲವು ಸಲ ಸಿಕ್ಕಿವೆ. ಟಪಾಲು ಮುಟ್ಟದ ಊರು ನಮ್ಮಲ್ಲಿಲ್ಲ. ಆದುದರಿಂದ ಇದು ರಾಜಧಾನಿಯ ಗೋಳೆಂದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯವರು ಕಡೆಗಣಿಸಲಾಗದು.

ಹಾಗೆಂದು ಎಲ್ಲರ ಕಾಗದಗಳನ್ನು ಒಡೆದು ನೋಡುವದು ನಮಗೆ ಸರ್ವಥಾ ಸಮ್ಮತವಿಲ್ಲ. ಟಪಾಲನ್ನು ತಡೆಯುವ ಅಧಿಕಾರವನ್ನು ಪರಕೀಯ ಸರಕಾರವು 1898ರ ಕಾಯದೆಯಲ್ಲಿ ಇಟ್ಟುಕೊಂಡಿತ್ತು. 2023ರ ಕಾಯದೆಯಲ್ಲಿಯೂ ಅದು ಉಳಿದಿದೆ. ಅದನ್ನು ಮಿತವಾಗಿ, ಕಾರಣವಿದ್ದಲ್ಲಿ ಮಾತ್ರ ಬಳಸತಕ್ಕದ್ದು. ಮೇಲಿನ ಉದಾಹರಣೆಗಳಲ್ಲಿ ಗೆದ್ದುದು ತಾಳ್ಮೆಯ ಓದು. ಅಂಥ ಓದನ್ನು ಕಲಿತ ಒಬ್ಬೊಬ್ಬ ಅಧಿಕಾರಿಯನ್ನಾದರೂ ಈ ನಾಲ್ಕು ತಾಲೂಕುಗಳ ಠಾಣೆಗಳಿಗೆ ಸರಕಾರವು ಕೊಡಲಿ. ಕಳ್ಳನ ಕೀರ್ದಿ ತೆರೆದೇ ಇದೆ, ಓದುವವರು ಬೇಕಾಗಿದ್ದಾರೆ.